ಮೈಲೇಜ್ ಎಷ್ಟು ಕೊಡುತ್ತೆ?

ಹೊಸ ಎಸ್‌ಯುವಿ ಮನೆಗೆ ಬಂದು ಮೂರು ತಿಂಗಳಾಯಿತು, 3,200 ಕಿಲೋಮೀಟರ್ ಓಡಿದೆ. ಮದುವೆ ಮನೆ, ಪೆಟ್ರೋಲ್ ಬಂಕು, ಅಪಾರ್ಟ್‌ಮೆಂಟ್ ಲಿಫ್ಟು, ಎಲ್ಲೇ ಸಿಕ್ಕಿದರೂ ಜನ ಕೇಳುವುದು ಒಂದೇ: 'ಮೈಲೇಜ್ ಎಷ್ಟು ಕೊಡುತ್ತೆ?' ಕಂಪನಿ ಹೆಸರು ಬೇಡ ಬಿಡಿ. ಡೀಸೆಲ್, ಆಟೋಮ್ಯಾಟಿಕ್, ಏಳು ಸೀಟು.

ಬೆಂಗಳೂರೊಳಗೆ 9. ಹಾಸನದ ರೋಡಲ್ಲಿ ಎಂಬತ್ತು ದಾಟದೆ ಹೋದರೆ 15. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಹಾಕಿದ ಲೆಕ್ಕ ಇದು. ಮೀಟರ್ ನಂಬಬೇಡಿ, ನಮ್ಮದಂತೂ ಯಾವಾಗಲೂ ಒಂದು ಜಾಸ್ತಿ ತೋರಿಸುತ್ತದೆ.

ತಗೊಳ್ಳುವಾಗ ನಾನೂ ಮೈಲೇಜ್ ಅಷ್ಟೇ ಕೇಳಿದ್ದೆ. ದಿನಕ್ಕೆ ಎಷ್ಟು ಓಡಿಸ್ತೀರಾ ಸಾರ್ ಅಂತ ಶೋರೂಮಿನಲ್ಲಿ ಯಾರೂ ತಿರುಗಿ ಕೇಳಲಿಲ್ಲ. ನನ್ನ ಆಫೀಸು ಆರೇ ಕಿಲೋಮೀಟರ್. ಎರಡನೇ ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ, ಹೊಗೆಯ ಮಸಿ ಹಿಡಿದಿಟ್ಟುಕೊಳ್ಳಲು. ಆ ಮಸಿ ಸುಟ್ಟುಹೋಗಬೇಕಾದರೆ ಫಿಲ್ಟರ್ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಸಿಲ್ಕ್ ಬೋರ್ಡಿನಲ್ಲಿ ತೆವಳುತ್ತಾ ಇದ್ದರೆ ಎಲ್ಲಿಂದ ಬಿಸಿಯಾಗಬೇಕು ಹೇಳಿ? ಇಂಜಿನ್ ತಾನೇ ಒಂದಷ್ಟು ಜಾಸ್ತಿ ಡೀಸೆಲ್ ಕುಡಿದು ಸುಡಲು ಶುರು ಮಾಡುತ್ತದೆ, ಅಷ್ಟರಲ್ಲಿ ಆಫೀಸು ಬರುತ್ತದೆ, ನಾನು ಆಫ್ ಮಾಡುತ್ತೇನೆ. ಡೀಸೆಲ್ಲೂ ಹೋಯಿತು, ಮಸಿಯೂ ಉಳಿಯಿತು. ನಿಮ್ಮ ಓಡಾಟವೂ ಇಷ್ಟೇ ಆದರೆ ಸುಮ್ನೆ ಪೆಟ್ರೋಲ್ ತಗೊಳ್ಳಿ.

ಆ ಮಸಿ ಸುಡಲಿ ಅಂತಲೇ ನಾನೀಗ ಎರಡು ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ ತುಮಕೂರು ರೋಡಿಗೆ ಬಿಡುತ್ತೇನೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ವಾಪಸ್. ನಾಯಿಗೆ ವಾಕಿಂಗ್ ಮಾಡಿಸಿದ ಹಾಗೆ ಅಂತ ನನ್ನ ಹೆಂಡತಿ ನಗುತ್ತಾಳೆ, ಇಡ್ಲಿ ಮಾತ್ರ ನನಗಿಂತ ಒಂದು ಜಾಸ್ತಿನೇ ತಿನ್ನುತ್ತಾಳೆ. ಟೋಲು, ಇಡ್ಲಿ ಎಲ್ಲಾ ಸೇರಿಸಿದರೆ ಲೀಟರಿಗೆ ಎಷ್ಟು ಬಿತ್ತು ಅಂತ ನಾನು ಲೆಕ್ಕ ಹಾಕಿಲ್ಲ.

ಹಾಗಂತ ಗಾಡಿ ಕೆಟ್ಟದ್ದಲ್ಲ. ಶಿರಾಡಿ ಘಾಟಿ ಹತ್ತುವಾಗ ಏಳು ಜನ, ಲಗೇಜು, ಮೇಲೆ ಎಸಿ ಬೇರೆ, ಆದರೂ ಲಾರಿ ದಾಟುವಾಗ ಒಂದು ಸಲವೂ ಏದುಸಿರು ಬಿಡಲಿಲ್ಲ. ಕೊನೇ ಸೀಟು ಮಕ್ಕಳಿಗಷ್ಟೇ. ಅದೂ ಇಳಿಯುವಾಗ ಗುಂಡ್ಯ ಬರುವಷ್ಟರಲ್ಲಿ ಅಣ್ಣನ ಮಗ ವಾಂತಿ ಮಾಡಿಕೊಂಡ.

ಎತ್ತರ ಇನ್ನೊಂದು ತಲೆನೋವು. ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ, ಬನ್ನಿ ಅಂದರೆ ಅಮ್ಮ ಒಂದು ಕೈಯಲ್ಲಿ ಸೀರೆ ನಿರಿಗೆ, ಇನ್ನೊಂದು ಕೈಯಲ್ಲಿ ಒಳಗಿನ ಹಿಡಿಕೆ ಹಿಡಿದು 'ಇರಪ್ಪಾ, ಇರು' ಅಂತ ನಿಂತೇ ಇದ್ದರು. ಮಂಡಿ ಮೇಲೇಳಲಿಲ್ಲ. ಮಾರನೇ ವಾರವೇ ಫುಟ್‌ಸ್ಟೆಪ್ ಹಾಕಿಸಿದೆ. ಈಗ ತಾವೇ ಹತ್ತುತ್ತಾರೆ, ಇಳಿಯುವಾಗ ಮಾತ್ರ ನನ್ನ ಹೆಗಲು ಬೇಕು.