40 ಸಾಕೇ, 100 ಬೇಕೇ? ಮನೆಗೆ ಎಷ್ಟು ಸ್ಪೀಡಿನ ಇಂಟರ್‌ನೆಟ್

ಹೊಸ ಕನೆಕ್ಷನ್ ಹಾಕಿಸುವಾಗ ಎಲ್ಲರೂ ಮೊದಲು ಎಣಿಸುವುದು ಮನೆಯಲ್ಲಿರುವ ಮೊಬೈಲುಗಳನ್ನು. ಎಣಿಸಬೇಕಾದ್ದು ಅದನ್ನಲ್ಲ. ಮನೆಯಲ್ಲಿ ಹತ್ತು ಫೋನಿದ್ದು ಎಂಟು ಸುಮ್ಮನೆ ಮೇಜಿನ ಮೇಲೆ ಬಿದ್ದಿದ್ದರೆ ಅವು ಎಳೆಯುವುದು ತೀರಾ ಕಡಿಮೆ. ರಾತ್ರಿ ಎಂಟೂವರೆಯಿಂದ ಹತ್ತರ ನಡುವೆ, ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ, ಒಟ್ಟೊಟ್ಟಿಗೆ ಏನೇನು ಓಡುತ್ತಿರುತ್ತದೆ ಎನ್ನುವುದೇ ನಿಜವಾದ ಲೆಕ್ಕ.

ತುಮಕೂರಿನ ಸಪ್ತಗಿರಿ ಬಡಾವಣೆಯ ಒಂದು ಮನೆ ಅಂದುಕೊಳ್ಳಿ. ಹಾಲ್‌ನಲ್ಲಿ 4ಕೆ ಟಿವಿಯಲ್ಲಿ ಯೂಟ್ಯೂಬ್: 20 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್; ಪ್ಲಾನಿನ ಸ್ಪೀಡು ಅಳೆಯುವುದೂ ಇದರಲ್ಲೇ). ಅಜ್ಜನ ಫೋನಿನಲ್ಲಿ ಫುಲ್ ಎಚ್‌ಡಿ ವಿಡಿಯೊ: 5. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಮಗನ ಮೀಟಿಂಗ್: 4. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಮಗಳು ನೋಡುತ್ತಿರುವ ಪಾಠದ ವಿಡಿಯೊ: 2.5. ಅಡುಗೆಮನೆಯಲ್ಲಿ ರೀಲ್ಸ್, ವಾಟ್ಸ್‌ಆ್ಯಪ್, ಹಿಂದೆ ನಡೆಯುವ ಅಪ್‌ಡೇಟ್‌ಗಳಿಗೆ ಇನ್ನೊಂದು 5. ಕೂಡಿದರೆ 36.5. ಏರುಪೇರಿಗೆಂದು ಇದಕ್ಕೆ ಅರ್ಧದಷ್ಟು ಸೇರಿಸಿ, ಸುಮಾರು 55. ಅಂದರೆ 50–60ರ ಪ್ಲಾನು ಸರಿಹೋಗುತ್ತದೆ, 100 ಇದ್ದರೆ ಆರಾಮ. ಅದೇ ಮನೆಯಲ್ಲಿ 32 ಇಂಚಿನ ಟಿವಿ ಇದ್ದರೆ ಅದು 4ಕೆ ಆಗಿರುವುದು ಅಪರೂಪ. 20ರ ಜಾಗದಲ್ಲಿ 5 ಹಾಕಿದರೆ ಮೊತ್ತ 21.5ಕ್ಕೆ ಇಳಿಯುತ್ತದೆ, 40ರ ಪ್ಲಾನಿನಲ್ಲೇ ಮುಗಿಯುತ್ತದೆ. ಇಬ್ಬರೇ ಇರುವ ಹಿರಿಯರ ಮನೆಗೆ 30 ಧಾರಾಳ. ಅವರಿಗೆ 200, 300ರ ಪ್ಲಾನು ಮಾರುವುದನ್ನು ನಾನು ಒಪ್ಪುವುದಿಲ್ಲ.

ಹೆಚ್ಚಿನವರು ಎಡವುವುದು ಬಿಟ್ ಮತ್ತು ಬೈಟ್ ನಡುವೆ. ಪ್ಲಾನಿನ ಸ್ಪೀಡು ಮೆಗಾಬಿಟ್‌ನಲ್ಲಿ, ಫೈಲಿನ ಗಾತ್ರ ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 40ರ ಪ್ಲಾನಿನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 5 ಎಂಬಿ ತೋರಿಸಿದರೆ ಯಾರೂ ಮೋಸ ಮಾಡಿಲ್ಲ, ಬರಬೇಕಾದ್ದು ಅಷ್ಟೇ. 100 ಜಿಬಿಯ ಗೇಮ್ ಇಳಿಸಲು 40ರಲ್ಲಿ ಐದೂವರೆ ಗಂಟೆ, 100ರಲ್ಲಿ ಎರಡೂಕಾಲು ಗಂಟೆ, 300ರಲ್ಲಿ ಮುಕ್ಕಾಲು ಗಂಟೆ. ದೊಡ್ಡ ಪ್ಲಾನಿನ ಲಾಭ ಎದ್ದು ಕಾಣುವುದು ಇಂಥ ಕಡೆ ಮಾತ್ರ. ರಾತ್ರಿ ಇಳಿಯಲು ಬಿಟ್ಟು ಮಲಗುವವರಿಗೆ ಅದೂ ಬೇಕಿಲ್ಲ. ಗೇಮ್ ಆಡುವುದಕ್ಕಂತೂ ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಬೇಡ. ಅಲ್ಲಿ ಮುಖ್ಯ ಪಿಂಗ್, ಅಂದರೆ ನಿಮ್ಮ ಸಂದೇಶ ಸರ್ವರ್‌ಗೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಅದು 50 ಮಿಲಿಸೆಕೆಂಡಿನೊಳಗಿದ್ದು ಮೇಲೆ ಕೆಳಗೆ ಹಾರಾಡದಿದ್ದರೆ ಸಾಕು.

ಅಪ್‌ಲೋಡ್ ಬಗ್ಗೆ ಯಾರೂ ಕೇಳುವುದೇ ಇಲ್ಲ, ಕೇಳಲೇಬೇಕು. ಮೀಟಿಂಗ್‌ನಲ್ಲಿ ನಿಮ್ಮ ಮುಖ, ದನಿ ಆ ಕಡೆ ಹೋಗುವುದು ಅಪ್‌ಲೋಡ್‌ನಲ್ಲಿ. ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಫೈಬರ್ ಪ್ಲಾನುಗಳಲ್ಲಿ ಎಷ್ಟೋ ಕಡೆ ಡೌನ್‌ಲೋಡ್, ಅಪ್‌ಲೋಡ್ ಎರಡೂ ಸಮ. ಟವರ್‌ನಿಂದ ಗಾಳಿಯಲ್ಲಿ ಬರುವ 5ಜಿ ಕನೆಕ್ಷನ್‌ನಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ ಕಡಿಮೆ. ಫೋನು ನೂರಾರು ಮದುವೆ ಫೋಟೊಗಳನ್ನು ಬ್ಯಾಕಪ್ ಮಾಡತೊಡಗಿದರೆ ಅಪ್‌ಲೋಡ್ ದಾರಿ ತುಂಬಿಹೋಗುತ್ತದೆ. ಆಗ ಡೌನ್‌ಲೋಡ್ ಕೂಡ ಕುಂಟುತ್ತದೆ, ಏಕೆಂದರೆ ಬಂದ ಪ್ರತಿ ಕಂತಿಗೂ 'ಮುಟ್ಟಿತು' ಎಂಬ ಉತ್ತರ ಹೋಗಬೇಕಾದ್ದು ಅದೇ ದಾರಿಯಲ್ಲಿ. ಸ್ಪೀಡು ಚೆನ್ನಾಗಿದ್ದೂ ಕಾಲ್‌ನಲ್ಲಿ ದನಿ ತುಂಡಾಗುತ್ತಿದ್ದರೆ ಮೊದಲು ಬ್ಯಾಕಪ್ ನಿಲ್ಲಿಸಿ ನೋಡಿ.

ಗುಬ್ಬಿ, ತಿಪಟೂರು ಕಡೆ ಅಡಿಕೆ, ತೆಂಗಿನ ತೋಟದ ಮನೆಗಳಿಗೆ ಕ್ಯಾಮೆರಾ ಹಾಕಿಸುವವರಿಗೆ ಇದು ಇನ್ನೂ ಮುಖ್ಯ. ಡಿವಿಆರ್ ಪೆಟ್ಟಿಗೆಯೊಳಗೇ ರೆಕಾರ್ಡ್ ಆಗುವ ಕ್ಯಾಮೆರಾ ಇಂಟರ್‌ನೆಟ್ ತಿನ್ನುವುದು ನೀವು ಫೋನಿನಲ್ಲಿ ತೆರೆದು ನೋಡುವಾಗ ಮಾತ್ರ. ಸದಾ ಕ್ಲೌಡ್‌ಗೆ (ಕಂಪನಿಯ ದೂರದ ಸರ್ವರ್‌ಗೆ) ಕಳಿಸುವ ವೈಫೈ ಕ್ಯಾಮೆರಾಗಳಾದರೆ 2 ಮೆಗಾಪಿಕ್ಸೆಲ್‌ನ ಒಂದೊಂದಕ್ಕೂ 2 ಎಂಬಿಪಿಎಸ್ ಅಪ್‌ಲೋಡ್ ಎತ್ತಿಡಿ. ನಾಲ್ಕಿದ್ದರೆ 8, ಹಗಲೂ ರಾತ್ರಿ.

ಇಷ್ಟು ಲೆಕ್ಕ ಹಾಕಿ 100ರ ಪ್ಲಾನು ತೆಗೆದುಕೊಂಡರೂ ರೂಮಿನಲ್ಲಿ 25 ಬರುತ್ತಿದೆಯೇ? 200ಕ್ಕೆ ಏರಿಸಬೇಡಿ, ಹಣ ಹಾಳು. ಸ್ಪೀಡು ಎಲ್ಲಿ ಸೋರುತ್ತಿದೆ ನೋಡಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ರೂಟರ್‌ಗೆ ಸಿಕ್ಕಿಸಿ ಪರೀಕ್ಷಿಸಿ: ಬೆಳಿಗ್ಗೆ ಏಳಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಮೂರು ದಿನ. ಸ್ಪೀಡ್ ಟೆಸ್ಟ್ ಆ್ಯಪ್ ಎಷ್ಟೋ ಸಲ ನಿಮಗೆ ನೆಟ್ ಕೊಡುವ ಕಂಪನಿಯದೇ ಸರ್ವರನ್ನು ಆರಿಸುತ್ತದೆ, ಅಂಕಿ ಚೆಂದ ಬರುತ್ತದೆ. ಬೇರೆ ಸರ್ವರ್ ಆರಿಸಿ, ಇಲ್ಲವೇ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್‌ನಲ್ಲಿ ನೋಡಿ. ಬೆಳಿಗ್ಗೆ 95 ಬಂದು ರಾತ್ರಿ 30 ಬಂದರೆ ಆ ಹೊತ್ತಿಗೆ ಕಂಪನಿಯ ಜಾಲದಲ್ಲಿ ಜನ ಹೆಚ್ಚಾಗಿದ್ದಾರೆ. ಫೈಬರ್‌ನಲ್ಲಿ ಸಾಮಾನ್ಯವಾಗಿರುವ ಜಿಪಾನ್ ಪದ್ಧತಿಯಲ್ಲಿ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಅಲ್ಲಿ ಸಾಲದೆ ಬರುವುದು ಕಡಿಮೆ. ಆ ಎಳೆಯಿಂದ ಮುಂದೆ, ಹೊರಗಿನ ಇಂಟರ್‌ನೆಟ್‌ಗೆ ಕಂಪನಿ ಕೊಂಡ ಸಾಮರ್ಥ್ಯವೇ ಕಮ್ಮಿ ಇದ್ದರೆ ದೊಡ್ಡ ಪ್ಲಾನಿನಿಂದ ಅದು ಸರಿಹೋಗುವುದಿಲ್ಲ, ಕಂಪನಿ ಬದಲಿಸಬೇಕು. ಕನೆಕ್ಷನ್ ಹಾಕಿಸುವ ಮುಂಚೆ ಅಕ್ಕಪಕ್ಕದ ಮನೆಯವರನ್ನು ರಾತ್ರಿ ಒಂಬತ್ತರ ಸ್ಪೀಡು ಕೇಳಿ. ಜಾಹೀರಾತಿಗಿಂತ ಆ ಉತ್ತರ ನಂಬಿಕೆಗೆ ಅರ್ಹ.

100ಕ್ಕಿಂತ ದೊಡ್ಡ ಪ್ಲಾನಿದ್ದೂ ಕೇಬಲ್‌ನಲ್ಲಿ ಯಾವಾಗ ನೋಡಿದರೂ 94ರ ಆಸುಪಾಸಿಗೇ ನಿಂತರೆ ಎಲ್ಲೋ ಒಂದು ಕಡೆ 100ರ ಪೋರ್ಟ್ ಇದೆ, ಇಲ್ಲವೇ ಕೇಬಲ್‌ನ ಎಂಟು ತಂತಿಗಳಲ್ಲಿ ನಾಲ್ಕನ್ನೇ ತುದಿಯ ಪಿನ್ನಿಗೆ ಕ್ರಿಂಪ್ ಮಾಡಿ ಕೂರಿಸಿದ್ದಾರೆ. ಗಿಗಾಬಿಟ್‌ಗೆ ಎಂಟೂ ಬೇಕು.

ಕೇಬಲ್‌ನಲ್ಲಿ ಸರಿಯಿದ್ದು ವೈಫೈನಲ್ಲಿ ಕಮ್ಮಿಯಾದರೆ ತಪ್ಪು ಮನೆಯೊಳಗಿದೆ. ವೈಫೈಗೆ ಎರಡು ತರಂಗಪಟ್ಟಿಗಳು ಸಾಮಾನ್ಯ: 2.4 ಮತ್ತು 5 ಗಿಗಾಹರ್ಟ್ಸ್. 2.4 ಗಿಗಾಹರ್ಟ್ಸ್‌ನ ರೂಟರ್ ಅಕ್ಕಪಕ್ಕದ ಹತ್ತು ವೈಫೈಗಳ ನಡುವೆ 30ರಿಂದ 50 ಕೊಟ್ಟರೆ ಹೆಚ್ಚು. 5 ಗಿಗಾಹರ್ಟ್ಸ್ ಅದಕ್ಕಿಂತ ಎಷ್ಟೋ ವೇಗ, ಆದರೆ ಗೋಡೆ ದಾಟುವುದಕ್ಕೆ ಸೋಲುತ್ತದೆ. ಹಳೇ ಮನೆಗಳ ಒಂದೂವರೆ ಅಡಿ ದಪ್ಪದ ಕಲ್ಲುಗೋಡೆಯಾಚೆ ಅದು ಸಿಗುವುದೇ ಕಷ್ಟ. ಲೈನ್‌ಮ್ಯಾನ್ ಬಂದವನು ಹತ್ತಿರವೆಂದು ಮುಂಬಾಗಿಲ ಕಿಟಕಿಯ ಪಕ್ಕದಲ್ಲೇ ಫೈಬರ್ ಬಂದು ಸೇರುವ ಪೆಟ್ಟಿಗೆ ಹೊಡೆದು ಹೋಗುತ್ತಾನೆ. "ಇನ್ನೊಂದು ಹತ್ತು ಮೀಟರ್ ಎಳೀರಿ, ನಡುಮನೆಗೆ ಬರಲಿ" ಎಂದು ಅವನು ಗೋಡೆ ಕೊರೆಯುವ ಮುಂಚೆಯೇ ಹೇಳಿ. ಉಳಿದ ಫೈಬರನ್ನು ಬಳೆಗಿಂತ ಚಿಕ್ಕದಾಗಿ ಸುತ್ತಬಾರದು, ಬಗ್ಗಿದ ಕಡೆ ಬೆಳಕು ಸೋರುತ್ತದೆ. ರೂಟರನ್ನು ಬೀರುವಿನ ಹಿಂದೆ, ಕಬ್ಬಿಣದ ಪೆಟ್ಟಿಗೆಯೊಳಗೆ ಇಡಬೇಡಿ. ಮಹಡಿ ಮನೆಗೆ ರಿಪೀಟರ್ (ವೈಫೈ ಹಿಡಿದು ಮತ್ತೆ ಮುಂದಕ್ಕೆ ಕಳಿಸುವ ಪೆಟ್ಟಿಗೆ) ಬದಲು ಲ್ಯಾನ್ ಕೇಬಲ್ ಎಳೆದು ಇನ್ನೊಂದು ರೂಟರ್ ಇಡುವುದೇ ಮೇಲು. ಒಂದೇ ರೇಡಿಯೊದ ರಿಪೀಟರ್ ಕೇಳುವುದೂ ಹೇಳುವುದೂ ಅದರಲ್ಲೇ ಆದ್ದರಿಂದ ಸ್ಪೀಡು ಅರ್ಧಕ್ಕೆ ಇಳಿಯುತ್ತದೆ.

ಕನೆಕ್ಷನ್ ಕೊಟ್ಟ ದಿನವೇ ಪೆಟ್ಟಿಗೆಯ ಸೆಟ್ಟಿಂಗ್ಸ್‌ನಲ್ಲಿ ಆರ್‌ಎಕ್ಸ್ ಪವರ್, ಅಂದರೆ ಪೆಟ್ಟಿಗೆಗೆ ಬಂದು ಮುಟ್ಟುವ ಬೆಳಕಿನ ಬಲ, ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಮೈನಸ್ 20ರ ಸುತ್ತ ಇದ್ದರೆ ಒಳ್ಳೆಯದು. ಮೈನಸ್ 27 ದಾಟಿದರೆ ಲೈನು ಬಿಟ್ಟುಬಿಟ್ಟು ಬರುತ್ತದೆ. ಅಳಿಲು ಕಡಿದೋ ಕಂಬದ ಮೇಲಿನ ಜಾಯಿಂಟ್‌ಗೆ ನೀರಿಳಿದೋ ಕೆಟ್ಟಾಗ "ಮೈನಸ್ 20 ಇದ್ದದ್ದು 28 ಆಗಿದೆ" ಎಂದು ಹೇಳಿದರೆ, "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ.

ದರ ಹೋಲಿಸುವಾಗ 18% ಜಿಎಸ್‌ಟಿ ಸೇರಿಸಿ: 499 ಎಂದದ್ದು 589 ಆಗುತ್ತದೆ. ತಿಂಗಳ ಮಿತಿ ಎಷ್ಟು, ಅದು ಮುಗಿದ ಮೇಲೆ ಸ್ಪೀಡು ಎಷ್ಟಕ್ಕೆ ಬೀಳುತ್ತದೆ ಎಂದೂ ಕೇಳಿ. 3300 ಜಿಬಿ ಎಂದರೆ ದಿನಕ್ಕೆ 110. ಫುಲ್ ಎಚ್‌ಡಿ ವಿಡಿಯೊ ಗಂಟೆಗೆ ಎರಡೂಕಾಲು ಜಿಬಿ ತಿನ್ನುವುದರಿಂದ ಸಾಮಾನ್ಯ ಮನೆಯಲ್ಲಿ ಅದು ಮುಗಿಯುವುದಿಲ್ಲ.

ಕೊನೆಗೆ ಕರೆಂಟು. ಬೆಸ್ಕಾಂ ಕರೆಂಟು ಹೋದಾಗಲೂ ಮನೆಯವರೆಗೆ ಫೈಬರ್ ಬಂದಿದ್ದರೆ ನೆಟ್ ನಿಲ್ಲಬೇಕಿಲ್ಲ, ದಾರಿಯಲ್ಲಿ ಬೆಳಕನ್ನು ಮನೆಮನೆಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟು ಬೇಡ. ಪೆಟ್ಟಿಗೆಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇದ್ದರೆ ಆಯಿತು. ಅಡಾಪ್ಟರಿನ ಮೇಲೆ 12 ವೋಲ್ಟೇ ಬರೆದಿದೆಯೇ, 1 ಆಂಪಿಯರೋ 2 ಆಂಪಿಯರೋ ನೋಡಿ ಕೊಳ್ಳಿ. ಕೆಲವು ಕಡೆ ಬೀದಿ ಮೂಲೆಯ ಸ್ವಿಚ್‌ವರೆಗೆ ಫೈಬರ್ ತಂದು ಅಲ್ಲಿಂದ ಮನೆಗೆ ಲ್ಯಾನ್ ಕೇಬಲ್ ಎಳೆಯುತ್ತಾರೆ. ಅದು 100 ಮೀಟರ್ ದಾಟಬಾರದು. ಆ ಸ್ವಿಚ್‌ಗೆ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಯುಪಿಎಸ್ ಇದ್ದೂ ನೆಟ್ ಬರುವುದಿಲ್ಲ. ಸಿಡಿಲಿಗೆ ಹೆಚ್ಚಾಗಿ ಸುಡುವುದೂ ಈ ತಾಮ್ರದ ತಂತಿಗೆ ಸಿಕ್ಕಿಸಿದ ಪೆಟ್ಟಿಗೆಗಳೇ. ಗುಡುಗು ಶುರುವಾಗುವ ಮುಂಚೆಯೇ ಆ ಕೇಬಲನ್ನು ರೂಟರಿನಿಂದ ಕಿತ್ತಿಡಿ.