ಯಾವ ಕಾಫಿ ಮಶಿನ್ ತಗೊಳ್ಳಲಿ ಅಂತ ಕೇಳುವವರಿಗೆ

ಶಿರಸಿ ಪೇಟೆಯಲ್ಲಿ ಸಿಕ್ಕವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು, ಬೆಂಗಳೂರಿಂದ ಫೋನ್ ಮಾಡುವ ನೆಂಟರ ಮಕ್ಕಳು, ಎಲ್ಲರೂ ಕೇಳುವುದು ಇದನ್ನೇ. "ಅಣ್ಣಾ, ಮನೆಗೊಂದು ಕಾಫಿ ಮಶಿನ್ ತಗೋಬೇಕು ಅಂತಿದ್ದೇನೆ. ಯಾವ್ದು ಚಲೋ?"

ಮಶಿನ್ ಆಮೇಲೆ ನೋಡೋಣ ಅನ್ನುತ್ತೇನೆ. ಮೊದಲು ಪುಡಿ ತರುವುದನ್ನು ಬಿಟ್ಟು ಹುರಿದ ಬೀಜ ತನ್ನಿ. ಅದನ್ನು ಪುಡಿ ಮಾಡಲು ಒಂದು ಒಳ್ಳೆ ಕೈ ಗ್ರೈಂಡರ್ ತಗೊಳ್ಳಿ. ಫಿಲ್ಟರ್ ನಿಮ್ಮ ಅಡುಗೆಮನೆಯ ಯಾವುದೋ ಮೂಲೆಯಲ್ಲಿ ಇದ್ದೇ ಇರುತ್ತದೆ. ಒಂದು ತಿಂಗಳು ಹೀಗೆ ಕುಡಿದು ನೋಡಿ. ಆಮೇಲೂ ಮಶಿನ್ ಬೇಕು ಅನ್ನಿಸಿದರೆ ಮಾತಾಡೋಣ.

ಹೀಗೆ ಹೇಳಲು ಕಾರಣ ಇದೆ. ಹುರಿದ ಕಾಫಿಯ ಘಮ ಬೇಗ ಹಾರಿಹೋಗುವ ಜಾತಿಯದು. ಬೀಜ ಇಡಿಯಾಗಿದ್ದರೆ ಮೂರ್ನಾಲ್ಕು ವಾರ ಒಳಗೇ ಉಳಿಯುತ್ತದೆ. ಪುಡಿ ಮಾಡಿದ ಕೂಡಲೇ ಹೊರಡಲು ಶುರುವಾಗುತ್ತದೆ. ಕಾಫಿಪುಡಿ ಅಂಗಡಿಯ ಮುಂದೆ ಹಾದುಹೋಗುವಾಗ ಬೀದಿಗೆಲ್ಲ ಹರಡುವ ಆ ಪರಿಮಳ ಇದೆಯಲ್ಲ, ಅದು ಯಾರದೋ ಲೋಟಕ್ಕೆ ಬರಬೇಕಾದದ್ದು. ಅದು ಹೋದ ಮೇಲೆ ಎಷ್ಟು ಸಾವಿರದ ಮಶಿನ್ ತಂದರೂ ವಾಪಸ್ ತರಲಿಕ್ಕಾಗುವುದಿಲ್ಲ.

ನಮ್ಮ ಕಡೆ ಇದರ ಮೇಲೆ ಥಂಡಿ ಬೇರೆ. ಜೂನ್ ಹಿಡಿದರೆ ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುತ್ತದೆ, ಉಪ್ಪು ನೀರೊಡೆಯುತ್ತದೆ. ಕಾಫಿಪುಡಿಯನ್ನು ಬಿಡುತ್ತದೆಯೇ? ಮುಚ್ಚಳ ತೆಗೆದಾಗೆಲ್ಲ ತೇವ ಎಳೆದುಕೊಳ್ಳುತ್ತದೆ. ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯ ಹೆಸರು ಕೇಳಿರಬಹುದು. ಹಾಯಿಹಡಗಿನ ಕಾಲದಲ್ಲಿ ಪಶ್ಚಿಮ ಕರಾವಳಿಯಿಂದ ಯುರೋಪಿಗೆ ಕಾಫಿ ಮುಟ್ಟಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು. ದಾರಿಯಲ್ಲಿ ಹಸಿ ಬೀಜ ಕಡಲಿನ ತೇವ ಹೀರಿ ಊದಿಕೊಂಡು, ಹಸಿರು ಬಣ್ಣ ಕಳೆದು ತಿಳಿಹಳದಿಯಾಗುತ್ತಿತ್ತು. ಹುಳಿ ತಗ್ಗುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. ಹಡಗಿನ ಪ್ರಯಾಣ ಚಿಕ್ಕದಾದ ಮೇಲೆ ಅದು ಸಿಗದಂತಾಯಿತು. ಹಾಗಾಗಿ ಈಗ ಮಂಗಳೂರು ಕಡೆಯ ಗೋದಾಮುಗಳಲ್ಲಿ ಹಸಿ ಬೀಜವನ್ನು ಮಳೆಗಾಲದ ಗಾಳಿಗೆ ಹರಡಿ, ಮೂರ್ನಾಲ್ಕು ತಿಂಗಳು ತಿರುವಿ ಹಾಕುತ್ತ ಬೇಕೆಂದೇ ಆ ರುಚಿ ಬರಿಸುತ್ತಾರೆ. ಅದು ಹುರಿಯದ ಬೀಜ, ಕಣ್ಣಿಟ್ಟು ಮಾಡುವ ಕೆಲಸ. ಅದೇ ಗಾಳಿ ನಮ್ಮ ಅಡುಗೆಮನೆಯಲ್ಲಿ ಹುರಿದ ಪುಡಿಗೆ ತಾಗಿದರೆ ಎರಡು ವಾರಕ್ಕೇ ಹಳೆ ಗೋಣಿಚೀಲದ ವಾಸನೆ.

ಆದ್ದರಿಂದ ಒಂದು ಸಲಕ್ಕೆ ಕಾಲು ಕೆಜಿಗಿಂತ ಜಾಸ್ತಿ ತರಬೇಡಿ. ಒಲೆಯ ಮೇಲಿನ ಶೆಲ್ಫಿನಲ್ಲಿ ಇಡಬೇಡಿ, ಅಲ್ಲಿ ಬಿಸಿಯೂ ಇದೆ, ಹಬೆಯೂ ಇದೆ. ಫ್ರಿಜ್ಜಿನಲ್ಲಿಟ್ಟು ದಿನಾ ತೆಗೆದು ಹಾಕಿ ಮಾಡುವುದು ಇನ್ನೂ ಕೆಟ್ಟದ್ದು. ತಣ್ಣಗಿನ ಡಬ್ಬಿಯನ್ನು ಹೊರಗೆ ತೆರೆದರೆ ಗಾಳಿಯ ತೇವ ಪುಡಿಯ ಮೇಲೇ ನೀರಾಗಿ ಕೂರುತ್ತದೆ. ಹೆಚ್ಚು ತಂದಿದ್ದರೆ ಬೀಜವನ್ನು ವಾರಕ್ಕೊಂದರಂತೆ ಸಣ್ಣ ಪೊಟ್ಟಣ ಮಾಡಿ, ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಿ. ಒಂದನ್ನು ಹೊರತೆಗೆದ ಮೇಲೆ ಅದು ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ. ತೆಗೆದದ್ದನ್ನು ಮತ್ತೆ ಒಳಗಿಡಲೂ ಬೇಡಿ.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಮಾತು, "ಯಾವಾಗ ಹುರಿದದ್ದು?" ಎರಡನೆಯದು ಚಿಕೋರಿ ಎಷ್ಟು ಅಂತ. ಚಿಕೋರಿ ಒಂದು ಗಿಡದ ಬೇರು. ಅದನ್ನು ಹುರಿದು ಪುಡಿ ಮಾಡಿ ಬೆರೆಸುತ್ತಾರೆ. ನಮ್ಮ ದೇಶದ ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ. ಅಂದರೆ ಶೇ. 49ರವರೆಗೂ ಚಿಕೋರಿ ಇರಬಹುದು! ಎಷ್ಟಿದೆ ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರಲೇಬೇಕು, ಓದಿ ನೋಡಿ. ಚಿಕೋರಿ ಅಂದರೆ ಮೂಗು ಮುರಿಯುವವನು ನಾನಲ್ಲ. ಹಾಲಿನ ಕಾಫಿಗೆ ಶೇ. 15-20 ಇದ್ದರೆ ಡಿಕಾಕ್ಷನ್ನಿಗೆ ಗಟ್ಟಿತನ, ಬಣ್ಣ ಬರುತ್ತದೆ. 40 ಮುಟ್ಟಿದರೆ ನೀವು ಕುಡಿಯುವುದು ಬಹುಪಾಲು ಆ ಬೇರಿನ ಕಹಿಯನ್ನು, ಕಾಫಿಯ ದುಡ್ಡು ಕೊಟ್ಟು.

ಇನ್ನು ಗ್ರೈಂಡರ್. ಮಿಕ್ಸಿಯಲ್ಲಿ ಆಗಲ್ವಾ ಅಂತ ಕೇಳುತ್ತಾರೆ. ಮಿಕ್ಸಿಯ ಬ್ಲೇಡು ಸಿಕ್ಕಿದ್ದನ್ನು ಸಿಕ್ಕ ಹಾಗೆ ಕತ್ತರಿಸುತ್ತದೆ. ಆ ಪುಡಿಯನ್ನು ಅಂಗೈಯಲ್ಲಿ ಹರಡಿ ನೋಡಿ: ಹಿಟ್ಟಿನಂಥ ನುಣುಪೂ ಇದೆ, ಅರ್ಧ ಬೀಜವೂ ಇದೆ. ನೀರು ಬಿದ್ದಾಗ ಹಿಟ್ಟು ಪೂರ್ತಿ ಬಿಟ್ಟುಕೊಟ್ಟು ಕಹಿಯಾಗುತ್ತದೆ, ದಪ್ಪ ಚೂರು ಅರೆಬರೆ ಬಿಟ್ಟು ಹುಳಿಹುಳಿಯಾಗಿ ಉಳಿಯುತ್ತದೆ. ಒಂದೇ ಲೋಟದಲ್ಲಿ ಎರಡೂ ತೊಂದರೆ. ಕೈ ಗ್ರೈಂಡರಿನಲ್ಲಿ ಹಲ್ಲಿರುವ ಶಂಕು ಮತ್ತು ಅದರ ಸುತ್ತಲಿನ ಹಲ್ಲಿನ ಬಳೆಯ ನಡುವೆ ಬೀಜ ಅರೆದುಕೊಂಡು ಇಳಿಯುತ್ತದೆ. ಅವುಗಳ ನಡುವಿನ ಸಂದು ಎಷ್ಟೋ ಅಷ್ಟೇ ತರಿ. ಸ್ಟೀಲಿನ ಹಲ್ಲು ಇರುವುದನ್ನೇ ತಗೊಳ್ಳಿ. ಇಬ್ಬರ ಕಾಫಿಗೆ ಒಂದೆರಡು ನಿಮಿಷ ತಿರುಗಿಸಿದರೆ ಸಾಕು. ಅಡುಗೆಮನೆಗೆ ಕಾಫಿಯ ಲೆಕ್ಕದಲ್ಲಿ ದೊಡ್ಡ ಖರ್ಚು ಮಾಡುವುದಾದರೆ ಇಲ್ಲಿ ಮಾಡಿ.

ಈಗ ನಮ್ಮ ಹಳೆಯ ಫಿಲ್ಟರ್. ಇದರಷ್ಟು ಒಳ್ಳೆ ಸಾಧನ ಹಾಲಿನ ಕಾಫಿಗೆ ಬೇರೆ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕರೆಂಟು ಬೇಡ, ಕಾಗದ ಬೇಡ, ಬಿಡಿಭಾಗ ಬೇಡ. ಇಬ್ಬರಿಗೆ 20 ಗ್ರಾಂ ಪುಡಿ, ಚಿರೋಟಿ ರವೆಗಿಂತ ತುಸು ನುಣ್ಣಗೆ. ಮೇಲಿನ ಪಾತ್ರೆಗೆ ಹಾಕಿ, ಅಲುಗಿಸಿ ಮಟ್ಟ ಮಾಡಿ, ಕಡ್ಡಿ ಇರುವ ತೂತಿನ ಬಿಲ್ಲೆಯನ್ನು ಮೆಲ್ಲಗೆ ಒತ್ತಿ ಕೂರಿಸಿ. ಕುದಿದು ಇಳಿಸಿದ ನೀರನ್ನು ಮೊದಲು ಪುಡಿ ನೆನೆಯುವಷ್ಟೇ ಹಾಕಿ ಅರ್ಧ ನಿಮಿಷ ಬಿಡಿ. ಹೊಸದಾಗಿ ಹುರಿದ ಬೀಜವಾದರೆ ಪುಡಿ ಉಬ್ಬಿ ಗುಳ್ಳೆ ಏಳುತ್ತದೆ. ಹುರಿದಾಗ ಒಳಗೆ ಸೇರಿದ ಇಂಗಾಲದ ಡೈಆಕ್ಸೈಡ್ ಹೊರಬರುವುದು ಅದು. ಗುಳ್ಳೆಯೇ ಇಲ್ಲ ಅಂದರೆ ಪುಡಿ ಹಳೆಯದು, ಅಂಗಡಿಯವರು ಏನೇ ಹೇಳಲಿ. ಆಮೇಲೆ ಉಳಿದ ನೀರು ಹಾಕಿ ಮುಚ್ಚಿ. ಒಟ್ಟು 120 ಮಿಲಿ ಹಾಕಿದರೆ ಪುಡಿ ಸುಮಾರು 40 ಮಿಲಿ ಕುಡಿದು 80 ಮಿಲಿ ಡಿಕಾಕ್ಷನ್ ಕೊಡುತ್ತದೆ.

ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿದರೆ ಸರಿ. ಎರಡೇ ನಿಮಿಷಕ್ಕೆ ಸುರಿದುಹೋದರೆ ಪುಡಿ ತರಿಯಾಯಿತು. ಗಂಟೆಯಾದರೂ ತೊಟ್ಟಿಕ್ಕುತ್ತಲೇ ಇದ್ದರೆ ನುಣ್ಣಗಾಯಿತು, ಇಲ್ಲವೇ ಜೋರಾಗಿ ಒತ್ತಿದಿರಿ, ಅಥವಾ ತೂತು ಕಟ್ಟಿದೆ. ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಸ್ಟೀಲಿನದಾದರೆ ಒಂದು ಗಳಿಗೆ ಗ್ಯಾಸ್ ಉರಿಗೆ ಹಿಡಿದು, ಸಿಕ್ಕಿಕೊಂಡ ಪುಡಿ ಸುಟ್ಟ ಮೇಲೆ ತೊಳೆದರೆ ತೂತು ಬಿಡುತ್ತದೆ. ಅಜ್ಜಿಯ ಕಾಲದ ಹಿತ್ತಾಳೆ ಫಿಲ್ಟರ್ ಆದರೆ ಹೀಗೆ ಮಾಡಬೇಡಿ. ಒಳಗಿನ ಕಲಾಯಿ ತವರದ್ದು, ತವರ 232 ಡಿಗ್ರಿಗೇ ಕರಗುತ್ತದೆ. ಅದಕ್ಕೆ ಬಿಸಿನೀರು, ಬ್ರಶ್ಶು, ತಾಳ್ಮೆ ಅಷ್ಟೇ.

ಡಿಕಾಕ್ಷನ್ನನ್ನು ಯಾವತ್ತೂ ಕುದಿಸಬೇಡಿ. ಬಿಸಿ ಹಾಲನ್ನು ಅದಕ್ಕೆ ಸೇರಿಸಿ. ತಣ್ಣಗಾಗಿದ್ದರೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ. ಹಾಲು ಒಂದು ಉಕ್ಕು ಬಂದದ್ದಾದರೆ ಸಾಕು, ನಾಲ್ಕು ಸಲ ಕಾಸಿದ ಹಾಲಿಗೆ ಬೇರೆಯೇ ವಾಸನೆ. ಕೊಟ್ಟಿಗೆಯಲ್ಲಿ ದನ ಇರುವ ಮನೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಪ್ಯಾಕೆಟ್ ಹಾಲಿನವರು ಶೇ. 3 ಕೊಬ್ಬಿನದಕ್ಕೆ ಬದಲು ಶೇ. 6ರದ್ದನ್ನು ಒಮ್ಮೆ ಹಾಕಿ ನೋಡಿ.

ನೀರಿನ ವಿಷಯ ಕರಾವಳಿಯವರಿಗೆ. ಘಟ್ಟದ ಮೇಲೆ ನಮ್ಮ ಬಾವಿ ನೀರು ಕಾಫಿಗೆ ಒಗ್ಗುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಹೊಳೆಯ ಬಾಯಿಗೆ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಎಲ್ಲ ದಂಡೆಗಳದೂ ಇದೇ ಕತೆ. ಲೋಟದಲ್ಲಿರುವ ಕಪ್ಪು ಕಾಫಿಯಲ್ಲಿ ಶೇ. 98 ನೀರೇ. ಕುಡಿಯಲು ರುಚಿಯಿಲ್ಲದ ನೀರಿನಲ್ಲಿ ಯಾವ ಬೀಜವೂ ಬಾಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಫಿ ಇದ್ದಕ್ಕಿದ್ದಂತೆ ಕೆಟ್ಟಿತು ಅನ್ನಿಸಿದರೆ ಪುಡಿಯನ್ನು ಬೈಯುವ ಮೊದಲು ನೀರು ಬದಲಿಸಿ ನೋಡಿ.

ಇಷ್ಟೆಲ್ಲ ಆದ ಮೇಲೆ ಸಾಧನದ ಆಯ್ಕೆ ಕಷ್ಟವಲ್ಲ. ಹಾಲು ಹಾಕದೆ ಕುಡಿಯುವವರು ನೀವೊಬ್ಬರೇ ಆದರೆ, ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿಯಿಂದ ಕೆಳಗೊತ್ತಿ ಸೋಸುವ ಫ್ರೆಂಚ್ ಪ್ರೆಸ್ ಸುಲಭ: ಇಡ್ಲಿ ರವೆಯಷ್ಟು ತರಿ, ಒಂದು ಗ್ರಾಂ ಪುಡಿಗೆ 15 ಗ್ರಾಂ ನೀರು, ನಾಲ್ಕು ನಿಮಿಷ. ಗಸಿ ಇಷ್ಟವಿಲ್ಲದವರು ಕಾಗದದಲ್ಲಿ ಸೋಸುವ ಪೋರ್‌ಓವರ್ (ಮೇಲಿಂದ ನೀರು ಸುರಿಯುವುದು) ಅಥವಾ ಏರೋಪ್ರೆಸ್ (ಕೈಯಿಂದ ಒತ್ತಿ ಇಳಿಸುವುದು) ತಗೊಳ್ಳಲಿ. ಗಟ್ಟಿ ಕಾಫಿ ಬೇಗ ಬೇಕೆಂದರೆ ಮೋಕಾ ಪಾಟ್. ಇಟಲಿಯಲ್ಲಿ 1933ರಿಂದ ಇರುವ ಒಲೆ ಮೇಲಿನ ಕೆಟಲ್ ಅದು. ನೀರು ಸೇಫ್ಟಿ ವಾಲ್ವ್‌ಗಿಂತ ಕೆಳಗೇ ಇರಲಿ, ಪುಡಿಯನ್ನು ಒತ್ತಬೇಡಿ, ಸಣ್ಣ ಉರಿಯಲ್ಲಿಟ್ಟು ಗೊರಗೊರ ಸದ್ದು ಶುರುವಾದ ಕೂಡಲೇ ಇಳಿಸಿ. ನಮ್ಮ ಗ್ಯಾಸ್ ಒಲೆಗಳ ಕಾಲು ಅಗಲ, ಚಿಕ್ಕ ಪಾಟ್ ಮಗುಚುತ್ತದೆ. ಮೇಲೊಂದು ಜಾಲರಿ ತಟ್ಟೆ ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಪಾಟ್ ಇಂಡಕ್ಷನ್ ಒಲೆಗೆ ಆಗುವುದಿಲ್ಲ.

ಬಿಸಿನೀರನ್ನು ಒತ್ತಡದಲ್ಲಿ ಪುಡಿಯೊಳಗೆ ಹಾಯಿಸುವ ಎಸ್ಪ್ರೆಸೊ ಮಶಿನ್ ಬೇಕೇ ಬೇಕು ಅನ್ನುವವರಿಗೆ ಒಂದೆರಡು ಮಾತು. ಡಬ್ಬದ ಮೇಲೆ 15 ಬಾರ್, 20 ಬಾರ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಎಸ್ಪ್ರೆಸೊಗೆ ಬೇಕಿರುವುದು ಸುಮಾರು 9 ಬಾರ್ ಒತ್ತಡ. ಬರೆದಿರುವುದು ಪಂಪಿನ ಗರಿಷ್ಠ ಶಕ್ತಿ, ರುಚಿಯ ಅಳತೆ ಅಲ್ಲ. ಆ 9 ಬಾರ್ ಒತ್ತಡಕ್ಕೆ ತಡೆದು ನಿಲ್ಲುವಷ್ಟು ಹದವಾಗಿ ಪುಡಿ ಅರೆಯಬಲ್ಲ ಗ್ರೈಂಡರ್ ಬೇಕು. ಅದರ ಬೆಲೆ ಎಷ್ಟೋ ಸಲ ಮಶಿನ್ ಬೆಲೆಗೇ ಸಮ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಳೆಗಾಲದಲ್ಲಿ ಹಳ್ಳಿಯ ಕಡೆ ಕರೆಂಟು ಹೇಗಿರುತ್ತದೆ ಅಂತ ಯೋಚಿಸಿ. ಕೆಟ್ಟರೆ ರಿಪೇರಿ ಎಲ್ಲಿ ಅಂತ ದುಡ್ಡು ಕೊಡುವ ಮೊದಲೇ ವಿಚಾರಿಸಿ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೊತ್ತೊಯ್ಯಬೇಕಾದರೆ ಅದು ಅಟ್ಟ ಸೇರುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಉಡುಗೊರೆ ಕೊಡುವ ಮಕ್ಕಳು ದಯವಿಟ್ಟು ಇದನ್ನು ಗಮನಿಸಿ. ಅವರಿಗೆ ತಿಂಗಳಿಗೊಮ್ಮೆ ಹೊಸದಾಗಿ ಹುರಿದ ಬೀಜ ಕಳಿಸಿದರೆ ಹೆಚ್ಚು ಖುಷಿ.

ಬೀಜಕ್ಕೆ ಹೊರಗೇ ಹೋಗಬೇಕೆಂದೂ ಇಲ್ಲ. ಈಗೀಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಕಾಳುಮೆಣಸಿನ ಜೊತೆ ಕಾಫಿ ಗಿಡ ಕಾಣಿಸುತ್ತದೆ, ಹೆಚ್ಚಿನದು ರೊಬಸ್ಟಾ ಜಾತಿಯದು. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾಕ್ಕಿಂತ ಕಹಿ ಜಾಸ್ತಿ, ಕೆಫೀನ್ ಹತ್ತಿರ ಹತ್ತಿರ ಎರಡರಷ್ಟು. ಹಾಲಿಗೆ ಚೆನ್ನಾಗಿ ನಿಲ್ಲುತ್ತದೆ. ಕೆಂಪಗೆ ಹಣ್ಣಾದದ್ದನ್ನೇ ಆರಿಸಿ ಕೊಯ್ದು, ಚೆನ್ನಾಗಿ ಒಣಗಿಸಿ, ಸಿಪ್ಪೆ ತೆಗೆದು ಮನೆಯಲ್ಲೇ ಹುರಿಯಬಹುದು. ದಪ್ಪ ತಳದ ಬಾಣಲೆ, ಮಧ್ಯಮ ಉರಿ, ಕೈ ನಿಲ್ಲಿಸದೆ ಆಡಿಸುತ್ತಿರಬೇಕು. ಮೊದಲು ಹಳದಿಯಾಗಿ ಹುಲ್ಲಿನ ವಾಸನೆ, ಆಮೇಲೆ ಕಂದು, ಆಮೇಲೆ ಚಟಪಟ ಸಿಡಿಯುವ ಸದ್ದು. ಸಿಡಿತ ನಿಂತು ಒಂದೆರಡು ನಿಮಿಷಕ್ಕೆ ಇಳಿಸಿ, ಮೊರಕ್ಕೆ ಸುರಿದು ಕೇರಿ. ಹೊಟ್ಟೂ ಹಾರುತ್ತದೆ, ಬೀಜವೂ ಬೇಗ ಆರುತ್ತದೆ. ಬಾಣಲೆಯಲ್ಲೇ ಬಿಟ್ಟರೆ ಒಳಗಿನ ಬಿಸಿಗೇ ಕರಕಲಾಗುತ್ತದೆ. ಎರಡು ದಿನ ಬಿಟ್ಟು ಪುಡಿ ಮಾಡಿ.

ಈ ರೊಬಸ್ಟಾಕ್ಕೆ ಸಕ್ಕರೆಗಿಂತ ಜೋನಿ ಬೆಲ್ಲ (ಗಟ್ಟಿಯಾಗದೆ ಪಾಕದಂತಿರುವ ಬೆಲ್ಲ) ಚಲೋ. ಆದರೆ ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ. ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಕರಗಿಸಿ, ಹಾಲನ್ನು ಒಲೆಯಿಂದ ಇಳಿಸಿ ಎರಡು ನಿಮಿಷ ಬಿಟ್ಟು ಸೇರಿಸಿ. ಸೇರಿಸಿದ ಮೇಲೆ ಮತ್ತೆ ಒಲೆಗೆ ಇಡಬೇಡಿ.