‘ನೋ ಬ್ಲಾಕರ್ಸ್’ ಎಂದ ಆರು ದಿನ

ನಮ್ಮ ತಂಡದಲ್ಲಿ ಏಳು ಜನ. ಕಾಸರಗೋಡು ಪೇಟೆಯ ಒಂದು ಕಟ್ಟಡದ ಎರಡನೇ ಮಾಳಿಗೆಯಲ್ಲಿ ಆಫೀಸು. ಸಹಕಾರಿ ಸಂಘಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತೇವೆ: ಅಡಿಕೆ ಖರೀದಿ, ತೂಕ, ಬಿಲ್ಲು, ಸದಸ್ಯರ ಖಾತೆ. ತಂಡದ ಜವಾಬ್ದಾರಿ ನನ್ನದು. ದಿನಾ ಬೆಳಿಗ್ಗೆ 9.45ಕ್ಕೆ ಸ್ಟ್ಯಾಂಡಪ್ ಮೀಟಿಂಗ್, ಎಲ್ಲರೂ ನಿಂತುಕೊಂಡೇ ಆ ದಿನದ ಕೆಲಸ ಮಾತಾಡುವ ಚಿಕ್ಕ ಸಭೆ. ಎರಡು ವರ್ಷ ಅದನ್ನು ಒಂದು ದಿನವೂ ತಪ್ಪಿಸದೆ ನಡೆಸಿದ್ದೆ. ತಪ್ಪಿಸದಿದ್ದರೆ ಸಾಕು, ಅದರಿಂದ ಉಪಯೋಗ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಆ ನಂಬಿಕೆ ಬಿಟ್ಟದ್ದು ಒಂದು ತೂಕದ ಚೀಟಿಯಿಂದ.

ಗಡಿಯ ಹತ್ತಿರದ ಒಂದು ಸಂಘದವರು ಚೀಟಿ ಕನ್ನಡದಲ್ಲೇ ಬೇಕು ಎಂದಿದ್ದರು. ಅವರ ಸದಸ್ಯರಲ್ಲಿ ಹೆಚ್ಚಿನವರು ಕನ್ನಡ ಓದಿ ಬೆಳೆದವರು. ಅಡಿಕೆ ತಂದವರ ಕೈಗೆ ಅಲ್ಲೇ ಚೀಟಿ ಹೋಗಬೇಕು: ಹೊಸ ಅಡಿಕೆ ಎಷ್ಟು ಕಿಲೋ, ಪಟೋರ ಎಷ್ಟು, ಉಳ್ಳಿಗಡ್ಡೆ ಎಷ್ಟು, ಕರಿಗೋಟು ಎಷ್ಟು (ಇವೆಲ್ಲ ಅಡಿಕೆಯ ದರ್ಜೆಗಳು), ಗೋಣಿಯ ತೂಕ ಕಳೆದು ಉಳಿದದ್ದೆಷ್ಟು. ಪ್ರಿಂಟರ್ ಅಂಗಡಿಗಳಲ್ಲಿ ಕಾಣುವ ಚಿಕ್ಕ ಥರ್ಮಲ್ ಪ್ರಿಂಟರ್, 58 ಮಿಲಿಮೀಟರ್ ಕಾಗದದ್ದು. ಆ ಕೆಲಸವನ್ನು ಬದಿಯಡ್ಕ ಕಡೆಯ ಹುಡುಗಿಗೆ ಕೊಟ್ಟೆ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಕೋಡಿಂಗ್‌ನಲ್ಲಿ ಚುರುಕು.

ಇಂಥ ಪ್ರಿಂಟರಿಗೆ ಸಾಮಾನ್ಯವಾಗಿ ಕನ್ನಡ ಗೊತ್ತಿರುವುದಿಲ್ಲ. ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಕೆಲವದರಲ್ಲಿ ಚೀನೀ ಅಕ್ಷರ. ಕನ್ನಡ ಯುನಿಕೋಡನ್ನು ನೇರ ಕಳಿಸಿದರೆ ಒಂದೋ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ, ಇಲ್ಲವೇ ಚೀನೀ ಅಕ್ಷರಗಳ ಸಾಲು. ಹಾಗಾಗಿ ಇಡೀ ಚೀಟಿಯನ್ನು ಚಿತ್ರವಾಗಿ ಬರೆದು, 384 ಚುಕ್ಕೆ ಅಗಲಕ್ಕೆ ಹೊಂದಿಸಿ, ಆ ಚಿತ್ರವನ್ನು ಪ್ರಿಂಟರಿಗೆ ಕೊಡಬೇಕು. ಇಷ್ಟನ್ನು ಅವಳು ಎರಡನೇ ದಿನಕ್ಕೇ ಕಂಡುಕೊಂಡಿದ್ದಳು. ಚಿತ್ರ ಬಂತು, ಆದರೆ ಒತ್ತಕ್ಷರ ಒಡೆಯಿತು. ‘ಉಳ್ಳಿಗಡ್ಡೆ’ ಎಂದು ಬರಬೇಕಾದಲ್ಲಿ ‘ಉಳ್‌ಳಿಗಡ್‌ಡೆ’ ಎಂದು ಬರುತ್ತಿತ್ತು. ಫಾಂಟ್ ಬದಲಿಸಿದಳು, ಮತ್ತೊಂದು ಹಾಕಿದಳು, ಗಾತ್ರ ಬದಲಿಸಿದಳು. ಒಟ್ಟು ಆರು ದಿನ.

ಆ ಆರು ದಿನವೂ ಬೆಳಿಗ್ಗೆ ಮೀಟಿಂಗ್ ಇತ್ತು. ಕೆಲಸದ ಹಂತಕ್ಕೊಂದು ಕಾಲಮ್ಮು, ಕೆಲಸಕ್ಕೊಂದು ಕಾರ್ಡು ಇರುವ ಬೋರ್ಡಿನ ಪಕ್ಕದಲ್ಲಿ ನಾನು, ಎದುರಿಗೆ ಅರ್ಧ ವೃತ್ತವಾಗಿ ಉಳಿದವರು. ನಿನ್ನೆ ಏನು ಮಾಡಿದ್ದು, ಇವತ್ತು ಏನು ಮಾಡುವುದು, ಏನಾದರೂ ಅಡ್ಡಿ ಉಂಟಾ? ಅವಳ ಸರದಿ ಬಂದಾಗ ಆರು ದಿನವೂ ಒಂದೇ ಉತ್ತರ: “ಪ್ರಿಂಟಿಂಗ್ ಇನ್ ಪ್ರೋಗ್ರೆಸ್. ನೋ ಬ್ಲಾಕರ್ಸ್.” ಎಂದರೆ ಕೆಲಸ ನಡೀತಾ ಉಂಟು, ಅಡ್ಡಿ ಏನೂ ಇಲ್ಲ. ನಾನು ಕೇಳುತ್ತಿದ್ದದ್ದೂ ಒಂದೇ: “ಯಾವಾಗ ಮುಗೀತದೆ?” ಅವಳು “ನಾಳೆ ಅಕ್ಕ” ಎನ್ನುತ್ತಿದ್ದಳು. ನಾನು ಮುಂದಿನವರ ಕಡೆ ತಿರುಗುತ್ತಿದ್ದೆ.

ಏಳನೇ ದಿನ ಚಹಾದ ಹೊತ್ತಿಗೆ ಅವಳ ಮೇಜಿನ ಮೇಲೆ ಬಿದ್ದಿದ್ದ ಚೀಟಿಗಳನ್ನು ನಮ್ಮ ತಂಡದ ಕಾಞಂಗಾಡಿನ ಹುಡುಗ ನೋಡಿದ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ಅಕ್ಷರ ಒಡೆದದ್ದು ತಿಳಿಯಿತು. “ಇದು ನನಗೂ ಬಂದಿತ್ತು. ಮಲಯಾಳದಲ್ಲಿ ಅಡಿಕೆಗೆ ‘ಅಡಯ್ಕ್ಕ’ ಅಂತ ಬರೆದರೆ ಕ್ಕ ಎರಡು ತುಂಡು ಆಗ್ತಿತ್ತು” ಎಂದ. ಹಿಂದೆ ಮಾಡಿದ ಒಂದು ಕೆಲಸದಲ್ಲಿ ಮಲಯಾಳ ಬಿಲ್ಲಿಗೆ ಅವನು ಇದೇ ಕಷ್ಟ ಪಟ್ಟಿದ್ದ. ಅವಳು ಪೈಥಾನ್ ಭಾಷೆಯ ಪಿಲ್ಲೋ ಎಂಬ ಚಿತ್ರದ ಲೈಬ್ರರಿಯಲ್ಲಿ ಚಿತ್ರ ಬರೆಯುತ್ತಿದ್ದಳು. ಅದರ ಸಾಮಾನ್ಯ ವಿಧಾನದಲ್ಲಿ ಅಕ್ಷರದ ಪಕ್ಕ ಅಕ್ಷರ ಇಡುತ್ತಾ ಹೋಗುತ್ತದೆ, ಒತ್ತು ಕೂಡಿಸುವ ಲೆಕ್ಕ ಅದಕ್ಕಿಲ್ಲ. ರಾಕ್ಮ್ ಎಂಬ ಲೈಬ್ರರಿ ಜೊತೆಗಿದ್ದರೆ ಒಳಗೆ ಹಾರ್ಫ್‌ಬಜ್ ಕೆಲಸ ಮಾಡಿ ಅಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಅವಳ ಯಂತ್ರದಲ್ಲಿ ಅದು ಇರಲಿಲ್ಲ. ಕುರ್ಚಿ ಎಳೆದು ಕೂತ, ಮುಕ್ಕಾಲು ಗಂಟೆಯಲ್ಲಿ ‘ಉಳ್ಳಿಗಡ್ಡೆ’ ಸರಿಯಾಗಿ ಹೊರಬಂತು.

ಆ ದಿನ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಆರು ದಿನವೂ ಇಬ್ಬರೂ ಅದೇ ಅರ್ಧ ವೃತ್ತದಲ್ಲಿ, ನಾಲ್ಕು ಅಡಿ ದೂರದಲ್ಲಿ ನಿಂತಿದ್ದರು. ಒಬ್ಬಳ ಹತ್ತಿರ ಪ್ರಶ್ನೆ ಇತ್ತು, ಇನ್ನೊಬ್ಬನ ಹತ್ತಿರ ಉತ್ತರ. ಮಧ್ಯದಲ್ಲಿ ಇದ್ದದ್ದು ನಾನು. ಅವಳು ಮಾತಾಡುತ್ತಿದ್ದದ್ದು ನನಗೆ ಕೇಳಲಿ ಎಂದು. ಅವನು ಆ ಹೊತ್ತಿಗೆ ತನ್ನ ಸರದಿಯಲ್ಲಿ ನನಗೇನು ಹೇಳುವುದು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದ. ನಾನು ದಿನಾ ತಾರೀಕು ಕೇಳಿ ಕೇಳಿ, ಅಡ್ಡಿ ಹೇಳಿದರೆ ಕೆಲಸ ಗೊತ್ತಿಲ್ಲ ಎಂದಾಗುತ್ತದೆ ಎಂಬ ಹೆದರಿಕೆಯನ್ನು ಒಂದು ಹೊಸ ಹುಡುಗಿಯಲ್ಲಿ ಬೆಳೆಸಿದ್ದೆ. ಆ ತಪ್ಪು ನನ್ನದೇ.

ಆ ವಾರ ಸ್ಕ್ರಮ್ ಗೈಡನ್ನು ಮತ್ತೆ ಓದಿದೆ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲ್ಯಾಂಡ್ ಬರೆದ ಚಿಕ್ಕ ಕೈಪಿಡಿ ಅದು. ಸ್ಕ್ರಮ್ ಎಂದರೆ ತಂಡವೊಂದು ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಾಗಿ ಹಂಚಿ ಮಾಡುವ ಪದ್ಧತಿ, ಆ ಅವಧಿಗೆ ಸ್ಪ್ರಿಂಟ್ ಎನ್ನುತ್ತಾರೆ. ನಾನು ಮಂತ್ರದ ಹಾಗೆ ಹಿಡಿದುಕೊಂಡಿದ್ದ ಆ ಮೂರು ಪ್ರಶ್ನೆಗಳು 2017ರ ಆವೃತ್ತಿಯಲ್ಲೇ ಬರೀ ಒಂದು ಉದಾಹರಣೆಯಾಗಿ ಇಳಿದಿದ್ದವು, 2020ರ ಆವೃತ್ತಿಯಲ್ಲಿ ಪೂರ್ತಿ ಹೋಗಿದ್ದವು. ಉಳಿದದ್ದು ಇಷ್ಟು: 15 ನಿಮಿಷ, ಕೆಲಸ ಮಾಡುವವರು ತಮ್ಮೊಳಗೆ ಸೇರುವುದು, ಸ್ಪ್ರಿಂಟಿನ ಗುರಿಯ ಕಡೆ ಎಷ್ಟು ಬಂದೆವು ಎಂದು ನೋಡುವುದು, ಮುಂದಿನ ಒಂದು ದಿನಕ್ಕೆ ಯೋಜನೆ ಮಾಡಿಕೊಳ್ಳುವುದು. ಹೇಗೆ ನಡೆಸಬೇಕು ಎನ್ನುವುದನ್ನು ತಂಡಕ್ಕೇ ಬಿಟ್ಟಿದ್ದಾರೆ. ಮೇಲಿನವರಿಗೆ ವರದಿ ಒಪ್ಪಿಸಿ ಎಂದು ಅದರಲ್ಲಿ ಎಲ್ಲೂ ಇಲ್ಲ.

ಮರುದಿನದಿಂದ ಬೋರ್ಡಿನ ಪಕ್ಕ ನಿಲ್ಲುವುದನ್ನು ಬಿಟ್ಟೆ. ಹಿಂದೆ, ಕಿಟಕಿಯ ಹತ್ತಿರ ನಿಂತೆ. ಮೊದಲ ಎರಡು ದಿನ ಎಲ್ಲರೂ ಕುತ್ತಿಗೆ ತಿರುಗಿಸಿ ನನ್ನನ್ನೇ ನೋಡಿ ಮಾತಾಡಿದರು. ನಾನು ಬೋರ್ಡನ್ನೇ ನೋಡುತ್ತಾ ನಿಂತೆ. ಮೂರನೇ ದಿನಕ್ಕೆ ಅವರ ಕಣ್ಣೂ ಬೋರ್ಡಿಗೆ ಹೋಯಿತು.

ಜನರ ಸರದಿಯನ್ನೂ ತೆಗೆದೆವು. ಈಗ ಹೋಗುವುದು ಕಾರ್ಡಿನಿಂದ ಕಾರ್ಡಿಗೆ, ಅದೂ ಬಲದಿಂದ ಎಡಕ್ಕೆ. ಕೆಲಸವನ್ನು ಬೋರ್ಡಿನ ಕಾರ್ಡುಗಳಲ್ಲಿ ನಡೆಸುವ ಕಾನ್ಬಾನ್ ಪದ್ಧತಿಯವರಲ್ಲಿ ಹಲವರು ಮಾಡುವ ಕ್ರಮ ಇದು. ಬಲಗಡೆ ಇರುವುದು ಮುಗಿಯಲು ಹತ್ತಿರವಾದ ಕೆಲಸ, ಅದನ್ನು ಮೊದಲು ದಾಟಿಸಬೇಕು. ಪ್ರತಿ ಕಾರ್ಡಿಗೂ ಒಂದೇ ಪ್ರಶ್ನೆ: ಇದು ಇವತ್ತು ಮುಂದಿನ ಕಾಲಮ್ಮಿಗೆ ಹೋಗಬೇಕಾದರೆ ಎಂತ ಬೇಕು? ಮೊದಲು ದಿನಾ ‘ನಾನು ಏನು ಮಾಡಿದೆ’ ಎಂದು ತೋರಿಸಿಕೊಳ್ಳಬೇಕಾಗಿತ್ತು, ಈಗ ಕೆಲಸದ ಮಾತು ಮಾತ್ರ. ಹೇಳಲಿಕ್ಕೆ ಏನೂ ಇಲ್ಲದವರು ಸುಮ್ಮನಿದ್ದರೂ ತಪ್ಪಿಲ್ಲ.

ಕಾರ್ಡಿನ ಮೇಲೆ ಚುಕ್ಕೆ ಇಡುವುದು ನಮ್ಮ ಟೆಸ್ಟರ್ ತಂದ ಉಪಾಯ. ಅವಳದು ಕುಂಬಳೆ. ಒಂದು ಕಾರ್ಡು ಒಂದೇ ಕಾಲಮ್ಮಿನಲ್ಲಿ ಒಂದು ದಿನ ಕಳೆದರೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ. ಎರಡು ಚುಕ್ಕೆ ಬಿದ್ದ ಕಾರ್ಡಿನ ಹತ್ತಿರ ಎಲ್ಲರೂ ನಿಲ್ಲಬೇಕು, ‘ಇನ್ ಪ್ರೋಗ್ರೆಸ್’ ಎಂದು ಹೇಳಿ ದಾಟುವ ಹಾಗಿಲ್ಲ. ನನಗೆ ಇದು ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ತನಗೆ ಕಷ್ಟ ಆಗ್ತಾ ಉಂಟು ಎಂದು ಹೊಸಬರು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಆ ಮಾತನ್ನು ಚುಕ್ಕೆಯೇ ಹೇಳುತ್ತದೆ. ಪ್ರಿಂಟರಿನ ಕಾರ್ಡಿಗೆ ಆಗ ಚುಕ್ಕೆ ಇಟ್ಟಿದ್ದರೆ ಮೂರನೇ ದಿನ ಬೆಳಿಗ್ಗೆಯೇ ಮಾತು ಹೊರಗೆ ಬರುತ್ತಿತ್ತು.

ಇನ್ನು ಭಾಷೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನಮ್ಮ ಏಳು ಜನರಲ್ಲಿ ಮನೆಮಾತು ಕನ್ನಡ, ತುಳು, ಮಲಯಾಳ, ಒಬ್ಬರದು ಕೊಂಕಣಿ. ಕಾಸರಗೋಡಿನಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಬಸ್ಸಿನಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಮನೆಯಲ್ಲಿ ಮತ್ತೊಂದು ಆಡುತ್ತಾ ಬೆಳೆದವರು ನಾವು. ಆದರೆ ಮೀಟಿಂಗ್ ಎಂದ ಕೂಡಲೇ ಎಲ್ಲರೂ ಇಂಗ್ಲಿಷಿಗೆ ಹೋಗುತ್ತಿದ್ದೆವು, ಅದು ಎಲ್ಲರಿಗೂ ಸಮ ಎಂದು. ಸಮ ಆಗಿರಲಿಲ್ಲ. ‘ಒತ್ತಕ್ಷರ ಒಡೀತದೆ, ಯಾಕೆಂದು ಗೊತ್ತಾಗ್ತಿಲ್ಲ’ ಎಂದು ಅವಳಿಗೆ ಕನ್ನಡದಲ್ಲಿ ಅರ್ಧ ನಿಮಿಷದಲ್ಲಿ ಹೇಳಲಿಕ್ಕೆ ಬರುತ್ತಿತ್ತು. ಅದನ್ನೇ ಇಂಗ್ಲಿಷಿನಲ್ಲಿ ಉಳಿದ ಆರು ಜನರ ಎದುರು ಕಟ್ಟಿ ಹೇಳುವುದಕ್ಕಿಂತ ‘ಇನ್ ಪ್ರೋಗ್ರೆಸ್’ ಸುಲಭವಾಗಿತ್ತು. ಈಗ ಯಾರಿಗೆ ಯಾವ ಭಾಷೆಯಲ್ಲಿ ಕಷ್ಟ ಹೇಳಲು ಬರುತ್ತದೋ ಆ ಭಾಷೆಯಲ್ಲಿ ಹೇಳುತ್ತಾರೆ. ತಿಳಿಯದವರು ಅಲ್ಲೇ ಕೇಳುತ್ತಾರೆ, ಪಕ್ಕದವರು ಒಂದು ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಒಂದೆರಡು ನಿಮಿಷ ಹೆಚ್ಚು ಹೋಗುತ್ತದೆ. ಹೋಗಲಿ. ಕಾರ್ಡಿನ ಮೇಲೆ ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ, ಮುಂದೆ ಹುಡುಕಲು ಸಿಗಬೇಕಲ್ಲ.

ಸಮಯಕ್ಕೆ ಗಡಿಯಾರ ಇಟ್ಟು ನೋಡಿದ್ದೆವು, ತಲೆಗೆ ಎರಡು ನಿಮಿಷ. ಒಂದೇ ವಾರದಲ್ಲಿ ಬಿಟ್ಟೆವು. ಗಂಟೆ ಹೊಡೆಯುತ್ತದೆ ಎಂಬ ಅವಸರಕ್ಕೆ ಮುಖ್ಯ ಮಾತೇ ಒಳಗೆ ಉಳಿಯುತ್ತಿತ್ತು. ಆದರೆ 15 ನಿಮಿಷ ದಾಟಬಾರದು ಎಂಬುದನ್ನು ಗಟ್ಟಿಯಾಗಿ ಹಿಡಿದಿದ್ದೇವೆ. ಏಳು ಜನರ 15 ನಿಮಿಷ ಎಂದರೆ ದಿನಕ್ಕೆ 105 ನಿಮಿಷ, ಐದು ದಿನಕ್ಕೆ ಹತ್ತಿರ ಹತ್ತಿರ 9 ಗಂಟೆ, ಒಬ್ಬರ ಒಂದು ಪೂರ್ತಿ ದಿನದ ಕೆಲಸ. ಇಬ್ಬರ ನಡುವೆ ಚರ್ಚೆ ಶುರುವಾದರೆ ಯಾರಾದರೂ “ಚಹಾಕ್ಕೆ” ಎನ್ನುತ್ತಾರೆ. ಬೋರ್ಡಿನ ಮೂಲೆಯಲ್ಲಿ ಆ ವಿಷಯ, ಆ ಇಬ್ಬರ ಹೆಸರು ಬರೆದು ಮುಂದೆ ಹೋಗುತ್ತೇವೆ. ಹತ್ತೂವರೆಗೆ ಚಹಾ ಬರುವಾಗ ಅವರಿಬ್ಬರು ಕೂತು ಮಾತಾಡುತ್ತಾರೆ, ಉಳಿದ ಐದು ಜನ ನಿಂತು ಕೇಳಬೇಕಾಗಿಲ್ಲ.

ನಿಂತೇ ಮಾಡಬೇಕೆಂಬ ಹಟವೂ ಹೋಯಿತು. ನಮ್ಮಲ್ಲಿ ಒಬ್ಬಳು ಏಳು ತಿಂಗಳ ಗರ್ಭಿಣಿಯಾಗಿದ್ದಾಗ ಎಲ್ಲರೂ ಕುರ್ಚಿ ಹಾಕಿ ಕೂತೆವು, ಮೀಟಿಂಗ್ ಉದ್ದವೇನೂ ಆಗಲಿಲ್ಲ.

ಒಂದು ಸಂಘದ ಕಡೆಯಿಂದ ಮೇಲ್ವಿಚಾರಣೆಗೆ ಬರುವ ಒಬ್ಬರು ತಾವೂ ದಿನಾ ಫೋನಿನಲ್ಲಿ ಸೇರುತ್ತೇನೆ ಎಂದರು. ಒಂದು ವಾರ ಸೇರಿದರು, ಒಳ್ಳೆಯ ಮನುಷ್ಯ. ಆದರೆ ಅವರು ಕೇಳುತ್ತಿದ್ದಾರೆ ಎಂದ ಕೂಡಲೇ ಎಲ್ಲರ ಬಾಯಲ್ಲಿ ಮತ್ತೆ ‘ಆಗ್ತಾ ಉಂಟು, ನಾಳೆ ಮುಗೀತದೆ’ ಶುರುವಾಯಿತು. “ಸರ್, ಶುಕ್ರವಾರ ನಿಮಗೆ ಮಾಡಿದ್ದನ್ನೇ ತೆರೆದು ತೋರಿಸ್ತೇವೆ, ಬೆಳಗ್ಗಿನದ್ದು ನಮಗೆ ಬಿಡಿ” ಎಂದು ವಿನಂತಿಸಿದೆ. ಒಪ್ಪಿದರು. ಶುಕ್ರವಾರ ಅವರು ಕೇಳುವ ಪ್ರಶ್ನೆಗಳಿಂದ ನಮಗೆ ಲಾಭವೇ ಆಗಿದೆ.

ಮಳೆಗಾಲದ ಕಥೆ ಬೇರೆ. ಜೂನ್, ಜುಲೈಯಲ್ಲಿ ಪೆರ್ಲದ ಕಡೆಯಿಂದ ಮನೆಯಲ್ಲೇ ಕೂತು ಕೆಲಸ ಮಾಡುವವನಿಗೆ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳಿರುವವರಿಗೆ 9.45 ಎಂದರೆ ಕಷ್ಟ. ಅಂಥ ದಿನಗಳಲ್ಲಿ ಗ್ರೂಪಿನಲ್ಲಿ ಬರೆದು ಹಾಕುವ ಕ್ರಮ ಮಾಡಿದೆವು: ಕಾರ್ಡಿನ ಸಂಖ್ಯೆ, ಎಲ್ಲಿ ಸಿಕ್ಕಿಕೊಂಡಿದೆ, ಯಾರ ಸಹಾಯ ಬೇಕು. ಮೊದಲು ಎಲ್ಲರೂ ಬರೆದರು, ಯಾರೂ ಓದಲಿಲ್ಲ. ಆಮೇಲೆ ಒಂದು ಮಾತು ಸೇರಿಸಿದೆವು: ತನ್ನದನ್ನು ಬರೆದವರು ಬೇರೆ ಒಬ್ಬರದ್ದಕ್ಕೆ ಉತ್ತರವನ್ನೂ ಬರೆಯಬೇಕು. ಈಗ ಪರವಾಗಿಲ್ಲ. ಆದರೂ ಎದುರೆದುರು ಕೂತಷ್ಟು ಆಗುವುದಿಲ್ಲ, ಮಳೆ ಬಿಟ್ಟ ಕೂಡಲೇ ಬೋರ್ಡಿನ ಹತ್ತಿರ ಬರುತ್ತೇವೆ.

ಕಳೆದ ವಾರ ಬದಿಯಡ್ಕದ ಹುಡುಗಿಯ ಕೈಯಲ್ಲಿ ಇದ್ದದ್ದು ತೂಕದ ಯಂತ್ರದ ಕಾರ್ಡು. ಯಂತ್ರ ಕಂಪ್ಯೂಟರಿಗೆ ಒಂದೇ ಸಮನೆ ಸಂಖ್ಯೆ ಕಳಿಸುತ್ತಾ ಇರುತ್ತದೆ. ಗೋಣಿ ಇಟ್ಟ ಕೂಡಲೇ ತೂಕ ನಿಲ್ಲುವ ಮೊದಲೇ ನಮ್ಮ ಪ್ರೋಗ್ರಾಂ ಒಂದು ಸಂಖ್ಯೆ ಹಿಡಿದುಬಿಡುತ್ತಿತ್ತು, ಅದೇ ಗೋಣಿಗೆ ಎರಡು ಸಲ ಎರಡು ತೂಕ. ಕಾರ್ಡಿಗೆ ಇನ್ನೂ ಒಂದೇ ಚುಕ್ಕೆ.

“ಇದು ಇವತ್ತು ಹೋಗುವುದಿಲ್ಲ” ಎಂದಳು ಕನ್ನಡದಲ್ಲಿ. “ತೂಕ ನಿಂತಿತೋ ಇಲ್ಲವೋ ಅಂತ ನನಗೆ ಗೊತ್ತಾಗುವುದು ಹೇಗೆ?”

ಟೆಸ್ಟರ್ ಕೇಳಿದಳು, “ಅಂಗಳದಲ್ಲಿ ಗೋಣಿ ಇಡುವವನು ಕೈ ಬಿಡುವುದು ಯಾವಾಗ? ನಾನು ಮೊನ್ನೆ ಹೋದಾಗ ಅವನು ಹಿಡಿದುಕೊಂಡೇ ಇದ್ದ.”

ಕಾಞಂಗಾಡಿನವನು ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ, “ಆ ಸಾಲಿನ ಮೊದಲಿಗೆ ಎರಡು ಅಕ್ಷರ ಬರ್ತದಲ್ಲ, ಅದನ್ನು ಓದ್ತಿದ್ದೀಯಾ? ಕೆಲವು ಯಂತ್ರ ತೂಕ ನಿಂತಾಗ ಒಂದು, ಅಲ್ಲಾಡುವಾಗ ಇನ್ನೊಂದು ಕಳಿಸ್ತದೆ” ಎಂದ.

ಅವಳು ಓದುತ್ತಿರಲಿಲ್ಲ, ಸಂಖ್ಯೆ ಮಾತ್ರ ತೆಗೆದುಕೊಳ್ಳುತ್ತಿದ್ದಳು. ಟೆಸ್ಟರ್ ಬೋರ್ಡಿನ ಮೂಲೆಯಲ್ಲಿ ‘ಚಹಾಕ್ಕೆ’ ಎಂದು ಬರೆದು ಮೂವರ ಹೆಸರು ಹಾಕಿದಳು. ಅಷ್ಟರಲ್ಲಿ ಅವರು ಪಕ್ಕದ ಕಾರ್ಡಿಗೆ ಹೋಗಿದ್ದರು.